ಸೀಮೆಬದನೆ ಸಾಕಾಗಿದೆ, ಕೆಸ ಕೆರೆಯುತ್ತಿದೆ: ಹಿತ್ತಿಲ ತರಕಾರಿಯ ಪ್ರಶ್ನೆಗಳಿಗೆ ಉತ್ತರ

ನಮ್ಮ ಮನೆ ಬೇಲೂರಿನ ಹತ್ತಿರ. ಪಶ್ಚಿಮಕ್ಕೆ ಹೊರಟರೆ ಮಲೆನಾಡು, ಪೂರ್ವಕ್ಕೆ ಹೊರಟರೆ ಬಯಲು. ಹಾಗಾಗಿ ನಮ್ಮ ಒಲೆ ಮೇಲೆ ಪತ್ರೊಡೆಯೂ ಬೇಯುತ್ತದೆ, ಬಸ್ಸಾರೂ ಕುದಿಯುತ್ತದೆ. ಈ ಸಲದ ಪ್ರಶ್ನೆಗಳೂ ಎರಡೂ ಕಡೆಯಿಂದ ಬಂದಿವೆ. ಓದುತ್ತಾ ಹೋದ ಹಾಗೆ ನನಗನ್ನಿಸಿದ್ದು ಇಷ್ಟು: ಅಡುಗೆ ಕೆಟ್ಟಿತು ಅಂತ ಬರೆದವರಲ್ಲಿ ಬಹಳ ಜನ ಎಡವಿದ್ದು ಒಲೆ ಹತ್ತಿರ ಅಲ್ಲ, ಬಳ್ಳಿ ಹತ್ತಿರ.

ಪ್ರಶ್ನೆ: ಎರಡು ವರ್ಷದ ಹಿಂದೆ ಒಂದೇ ಒಂದು ಸೀಮೆಬದನೆ ನೆಟ್ಟೆವು. ಈಗ ಅದು ಚಪ್ಪರ ದಾಟಿ ಬಚ್ಚಲುಮನೆ ಸೂರು ಹತ್ತಿದೆ. ವಾರಕ್ಕೊಂದು ಬುಟ್ಟಿ ಕಾಯಿ. ಅಕ್ಕಪಕ್ಕದವರೂ ಬೇಡ ಅನ್ನುತ್ತಾರೆ. ಸಾಂಬಾರ್ ನೋಡಿದರೆ ಮಕ್ಕಳು ಎದ್ದು ಹೋಗುತ್ತಾರೆ. ಏನು ಮಾಡಲಿ ಮೇಡಂ? (ಸಕಲೇಶಪುರ)

ನಾನು ಮಕ್ಕಳ ಕಡೆ. ಬಲಿತ ಸೀಮೆಬದನೆಯನ್ನು ದಪ್ಪ ಹೋಳು ಮಾಡಿ ಸಾಂಬಾರಿಗೆ ಹಾಕಿದರೆ ಅದಕ್ಕೆ ಸಾಂಬಾರಿನ ರುಚಿಯೇ ಹೊರತು ತನ್ನದೇ ರುಚಿ ಅಂತ ಇರುವುದಿಲ್ಲ.

ನೀವು ಕಾಯಿ ದೊಡ್ಡದಾಗಲಿ ಅಂತ ಕಾಯುತ್ತಿದ್ದೀರಿ ಅನ್ನಿಸುತ್ತದೆ. ಕಾಯಬೇಡಿ. ನಿಂಬೆಹಣ್ಣಿನ ಗಾತ್ರಕ್ಕೂ ಕೋಳಿಮೊಟ್ಟೆ ಗಾತ್ರಕ್ಕೂ ನಡುವೆ ಇರುವಾಗಲೇ ಕಿತ್ತುಬಿಡಿ. ಆಗ ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ. ಒಳಗಿನ ಬೀಜವೂ ಬೆಣ್ಣೆಯ ಹಾಗಿರುತ್ತದೆ. ತೆಳ್ಳಗೆ ಬಿಲ್ಲೆ ಹೆಚ್ಚಿ. ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆಗೆ ಹಾಕಿ ಉಪ್ಪು ಉದುರಿಸಿ ಮುಚ್ಚಿಡಿ. ನೀರು ಹಾಕಬೇಡಿ, ಅದರಲ್ಲೇ ಬೇಕಾದಷ್ಟಿದೆ. ಆರೇಳು ನಿಮಿಷ ಸಾಕು. ಹಲ್ಲಿಗೆ ಕರುಮ್ ಅನ್ನುವಾಗಲೇ ತೆಂಗಿನತುರಿ ಹಾಕಿ ಇಳಿಸಿ. ಮಕ್ಕಳು ತಿನ್ನದಿದ್ದರೆ ಮತ್ತೆ ಬರೆಯಿರಿ.

ಮುಷ್ಟಿ ಗಾತ್ರ ಆಗಿಹೋದ ಕಾಯಿಯಲ್ಲಿ ನಾನು ಮೊದಲು ನೋಡುವುದು ಸಿಪ್ಪೆಯನ್ನು. ಎರಡು ಕಾಯಿಯ ಸಿಪ್ಪೆಯನ್ನು ಎರಡು ಚಮಚ ಎಣ್ಣೆಯಲ್ಲಿ ಅಂಚು ಮುದುರುವ ತನಕ ಹುರಿಯಿರಿ, ಎಂಟು ನಿಮಿಷ ಹಿಡಿಯುತ್ತದೆ. ಅದನ್ನು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಒಂದೊಂದು ಚಮಚ ಕಡ್ಲೆಬೇಳೆ, ಉದ್ದಿನಬೇಳೆ ಮತ್ತು ನಾಲ್ಕು ಒಣಮೆಣಸು ಹುರಿದುಕೊಳ್ಳಿ. ಅರ್ಧ ಬಟ್ಟಲು ತೆಂಗಿನತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ಚಟ್ನಿ ರುಬ್ಬಿ. ತಿರುಳನ್ನು ಮಜ್ಜಿಗೆ ಹುಳಿಗೆ ಬಳಸಿ.

ಸಿಪ್ಪೆ ಹೆರೆಯುವಾಗ ಕೈಗೆ ಅಂಟು ಹತ್ತಿ, ಒಣಗಿದ ಮೇಲೆ ಚರ್ಮ ಬಿಗಿದ ಹಾಗಾಗುತ್ತದೆ ಅಲ್ವಾ? ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲವೇ ಬೋಗುಣಿ ನೀರಿನೊಳಗೇ ಹೆರೆಯಿರಿ.

ಇನ್ನು ತುದಿ ಬಿರಿದು ಮೊಳಕೆ ಇಣುಕುವ ಕಾಯಿ. ಇದನ್ನು ಕೆಟ್ಟದ್ದು ಅಂತ ಎಸೆಯುವವರಿದ್ದಾರೆ. ಸೀಮೆಬದನೆಯಲ್ಲಿ ಇರುವುದು ಒಂದೇ ಬೀಜ, ಅದು ಕಾಯಿಯ ಒಳಗೇ ಮೊಳೆಯುತ್ತದೆ. ನೀವು ಇಡೀ ಕಾಯಿ ನೆಟ್ಟಿದ್ದೂ ಅದಕ್ಕೇ. ತಿರುಳು ಗಟ್ಟಿಯಾಗಿದ್ದರೆ ತುರಿದು ಅಕ್ಕಿ ರೊಟ್ಟಿಗೆ ಕಲಸಿ. ಎರಡು ಬಟ್ಟಲು ಅಕ್ಕಿಹಿಟ್ಟಿಗೆ ಒಂದೂವರೆ ಬಟ್ಟಲು ತುರಿ, ಜೊತೆಗೆ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ. ಉಪ್ಪು ಹಾಕಿ ಹತ್ತು ನಿಮಿಷ ಬಿಡಿ. ತುರಿಯೇ ನೀರು ಬಿಡುತ್ತದೆ, ಬೇರೆ ನೀರು ಬೇಕಾದರೆ ಕೊನೆಗೆ ಕೈ ಅದ್ದಿಕೊಂಡರೆ ಆಯಿತು. ಬಳ್ಳಿಯ ಎಳೆ ಕುಡಿಯನ್ನೂ ಸೊಪ್ಪಿನ ಹಾಗೆ ಪಲ್ಯ ಮಾಡಬಹುದು. ಹೆಸರಿನಲ್ಲೇ ಸೀಮೆ ಇದೆ ನೋಡಿ, ಮೆಕ್ಸಿಕೋ ಕಡೆಯ ಬಳ್ಳಿ ಇದು. ಅಲ್ಲಿಂದ ಬಂದು ನಿಮ್ಮ ಬಚ್ಚಲುಮನೆ ಹತ್ತಿದೆ. ಕತ್ತರಿಸಲು ಹಿಂಜರಿಯಬೇಡಿ.

ಪ್ರಶ್ನೆ: ನಮ್ಮಜ್ಜಿ ಮಾಡಿದ ಪತ್ರೊಡೆ ಒಂದು ದಿನವೂ ಕೆರೆಯುತ್ತಿರಲಿಲ್ಲ. ನಾನು ಹುಣಸೆಹಣ್ಣು ಜಾಸ್ತಿ ಹಾಕಿದರೂ ಗಂಟಲು ಕೆರೆಯುತ್ತದೆ. ಎಲೆಯದೇ ದೋಷವೇ? (ಮೂಡಿಗೆರೆ)

ಎಲೆಯದ್ದು ಸ್ವಲ್ಪ, ಆತುರದ್ದು ಜಾಸ್ತಿ.

ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸಣ್ಣ ಸಣ್ಣ ಹರಳುಗಳಿವೆ. ಸೂಜಿಯ ಆಕಾರ, ಬರಿಗಣ್ಣಿಗೆ ಕಾಣುವುದಿಲ್ಲ. ನಾಲಿಗೆ, ಗಂಟಲಿಗೆ ಚುಚ್ಚುವುದು ಇವೇ. ಎಲೆಯನ್ನು ಎಷ್ಟು ತೊಳೆದರೂ ಇವು ನೀರಿನಲ್ಲಿ ಕರಗಿ ಹೋಗುವಂಥವಲ್ಲ. ಹುಳಿ ಬೇಕು, ಚೆನ್ನಾಗಿ ಬೇಯಲೂ ಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಕೆರೆತ ಉಳಿಯುತ್ತದೆ.

ನನಗೂ ಆಗಿದೆ. ಒಂದು ಆಷಾಢದಲ್ಲಿ ನೆಂಟರು ಹೇಳದೆ ಬಂದರು. ಗ್ಯಾಸ್ ಮುಗಿಯುತ್ತಾ ಬಂದಿತ್ತು. ಇಪ್ಪತ್ತು ನಿಮಿಷಕ್ಕೇ ಇಳಿಸಿ ಕೊಯ್ದು ಬಡಿಸಿದೆ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಮಜ್ಜಿಗೆ ಮೇಲೆ ಮಜ್ಜಿಗೆ ಕೇಳಿದರು. ಕೊನೆಗೆ ನಮ್ಮ ಸೋದರಮಾವ ಕೆಮ್ಮಿ, "ರುಚಿ ಚೆನ್ನಾಗಿದೆ ಕಣಮ್ಮ, ನುಂಗಿದ ಮೇಲೇ ತೊಂದರೆ" ಅಂದರು.

ಆರಿದ್ರೆ ಮಳೆ ಹಿಡಿದ ಮೇಲೆ ಬರುವ ಹೊಸ ಎಲೆ ತೆಗೆದುಕೊಳ್ಳಿ. ಪೂರ್ತಿ ಬಿಚ್ಚಿರಬೇಕು, ಆದರೆ ಬಲಿತು ಕಡುಹಸಿರಾಗಿರಬಾರದು. ಬೆನ್ನಿನ ಕಡೆಯ ದಪ್ಪ ನಾರನ್ನು ಚಾಕುವಿನಿಂದ ಎಲೆಯ ಮಟ್ಟಕ್ಕೆ ಹೆರೆದು ತೆಗೆಯಿರಿ. ನಿಮ್ಮ ಅಜ್ಜಿ ಈ ಕೆಲಸ ಬಿಟ್ಟಿರಲಿಕ್ಕಿಲ್ಲ. ನೀವು ಬಿಟ್ಟಿದ್ದೀರಿ ಅಂತ ನನ್ನ ಅನುಮಾನ. ಮರದ ಕಾಂಡದ ಮೇಲೆ ಮಳೆಗಾಲದಲ್ಲಿ ಹುಟ್ಟುವ ಮರಕೆಸ ಸಿಕ್ಕರಂತೂ ಬಿಡಬೇಡಿ. ಆದರೆ ಹಳ್ಳದ ಬದಿಯಲ್ಲಿ ಕಂಡ ಗುರುತಿಲ್ಲದ ಕೆಸ ಮನೆಗೆ ತರಬೇಡಿ.

ಎರಡು ಲೋಟ ಅಕ್ಕಿ ನಾಲ್ಕು ಗಂಟೆ ನೆನೆಯಲಿ. ಎಂಟು ಒಣಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಒಂದು ಬಟ್ಟಲು ತೆಂಗಿನತುರಿ, ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಅರಿಶಿನ, ಉಪ್ಪು ಹಾಕಿ ಸಣ್ಣ ರವೆಯ ಹದಕ್ಕೆ ರುಬ್ಬಿ. ಹಿಟ್ಟು ಎಲೆಯಿಂದ ಜಾರಬಾರದು. ಎಲೆಯ ಬೆನ್ನು ಮೇಲೆ ಮಾಡಿ ಸವರಿ, ಅದರ ಮೇಲೆ ಇನ್ನೊಂದು. ನಾಲ್ಕು ಎಲೆಗೆ ನಿಲ್ಲಿಸಿ, ಸುರುಳಿ ಸುತ್ತಿ. ಆರೇಳು ಎಲೆ ಇಟ್ಟರೆ ಸುರುಳಿಯ ನಡುವೆ ಹಬೆ ತಲುಪುವುದಿಲ್ಲ, ಕೆರೆಯುವುದು ಆ ನಡುಭಾಗವೇ. ನೀರು ಕುದಿ ಬಂದ ಮೇಲೆ ಇಟ್ಟು ಮುಕ್ಕಾಲು ಗಂಟೆ ಬೇಯಿಸಿ, ಸುರುಳಿ ದಪ್ಪ ಇದ್ದರೆ ಒಂದು ಗಂಟೆ.

ಚಾಕು ಚುಚ್ಚಿ ನೋಡಿದರೆ ಹಿಟ್ಟು ಬೆಂದಿದ್ದು ಗೊತ್ತಾಗುತ್ತದೆ, ಎಲೆಯದ್ದು ಗೊತ್ತಾಗುವುದಿಲ್ಲ. ನಡುವಿನಿಂದ ಒಂದು ಚೂರು ತಿಂದು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಗಂಟಲು ಏನೂ ಹೇಳದಿದ್ದರೆ ಬಡಿಸಿ. ಕೆರೆದರೆ ಮತ್ತೆ ಹಬೆಗೆ ಇಡಿ. ಪೂರ್ತಿ ಆರಿದ ಮೇಲೆ ಬಿಲ್ಲೆ ಕೊಯ್ದು ಕಾವಲಿ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಮಾಡಿಕೊಂಡರೆ ಮಾರನೇ ದಿನದ್ದೇ ಹೆಚ್ಚು ರುಚಿ.

ಪ್ರಶ್ನೆ: ತಾರಸಿ ಮೇಲೆ ಬೆಳೆದ ಮೊದಲ ಸೋರೆಕಾಯಿ ಕಹಿಯಾಗಿದೆ. ಉಪ್ಪು ನೀರಿನಲ್ಲಿ ನೆನೆಸಿ ಕುಕ್ಕರ್‌ನಲ್ಲಿ ಕೂಗಿಸಿದರೆ ಸರಿ ಹೋಗುತ್ತದಾ? (ಹಾಸನ)

ಇಲ್ಲ. ಗೊಬ್ಬರದ ಗುಂಡಿಗೆ ಹಾಕಿ.

ಹಾಗಲದ ಕಹಿ ಬೇರೆ, ಸೋರೆಯ ಕಹಿ ಬೇರೆ. ಸೋರೆ ಕಹಿಯಾದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಜಾಸ್ತಿ ಇದೆ ಅಂತ ಅರ್ಥ. ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ಕೆಲವರಿಗೆ ರಕ್ತಭೇದಿ, ಬಿಪಿ ಕುಸಿಯುವುದು ಎಲ್ಲ ಆಗಬಹುದು. ಆರೋಗ್ಯಕ್ಕೆ ಒಳ್ಳೆಯದು ಅಂತ ಬೆಳಿಗ್ಗೆ ಮೂಗು ಮುಚ್ಚಿಕೊಂಡು ಸೋರೆ ಜ್ಯೂಸ್ ಕುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ಉಗುಳಿ. ಕಹಿ ಇದ್ದರೆ ಅಲ್ಲಿಗೆ ಮುಗಿಯಿತು. ಆ ಬಳ್ಳಿಯ ಬೀಜವನ್ನೂ ಇಟ್ಟುಕೊಳ್ಳಬೇಡಿ. ಯಾರಾದರೂ ಆಗಲೇ ತಿಂದು ಹೊಟ್ಟೆ ತೊಳಸುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹಿತ್ತಿಲಲ್ಲಿ ದಂಟು ಒಂದು ಹಿಡಿ, ನುಗ್ಗೆ ಒಂದು ಹಿಡಿ, ಕಳೆ ಕೀಳುವಾಗ ಗಣಿಕೆ, ಗೋಣಿ ಸೊಪ್ಪು. ಯಾವುದೂ ಒಂದು ಸಾರಿಗೆ ಸಾಲುವುದಿಲ್ಲ. (ಚನ್ನರಾಯಪಟ್ಟಣ)

ನಿಮ್ಮ ಊರಿನವರು ಇದನ್ನು ಕೇಳಬಾರದು! ಬೆರಕೆ ಸೊಪ್ಪು ಅಂತ ಹೆಸರೇ ಇದೆಯಲ್ಲ. ಎಲ್ಲ ಸೇರಿಸಿ ಬಸ್ಸಾರು ಮಾಡಿ.

ಮುಕ್ಕಾಲು ಲೋಟ ತೊಗರಿಬೇಳೆಯನ್ನು ಬಿಡಿ ಪಾತ್ರೆಯಲ್ಲಿ, ನೀರು ಧಾರಾಳವಾಗಿ ಇಟ್ಟು ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗಿದರೆ ಬಸಿಯಲು ಏನೂ ಉಳಿಯುವುದಿಲ್ಲ. ಮುಕ್ಕಾಲು ಬೆಂದಾಗ ನುಗ್ಗೆ, ದಂಟು ಹಾಕಿ. ಐದು ನಿಮಿಷ ಬಿಟ್ಟು ಗಣಿಕೆ, ಗೋಣಿ. ಬಸಳೆ ಸೇರಿಸಿದರೆ ಲೋಳೆ ಆಗುತ್ತದೆ, ಮೆಂತ್ಯ ಜಾಸ್ತಿಯಾದರೆ ಕಹಿ. ಕೆಸವನ್ನಂತೂ ಇದರ ಹತ್ತಿರ ತರಬೇಡಿ. ಬಸಿದ ಕಟ್ಟು ಸಾರಿಗೆ, ಮೇಲಿನದ್ದು ಪಲ್ಯಕ್ಕೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಬೇಳೆ ಸೊಪ್ಪಿನದೇ ಒಂದು ಹಿಡಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಆ ಒಂದು ಹಿಡಿ ಬಿಟ್ಟರೆ ಸಾರು ನೀರು ನೀರಾಗುತ್ತದೆ. ಮುದ್ದೆ ಇರಲೇಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಗುರುತಿಲ್ಲದ ಕಳೆಯನ್ನು ಮಾತ್ರ ಸೊಪ್ಪು ಅಂದುಕೊಂಡು ಕೀಳಬೇಡಿ. ಔಷಧಿ ಹೊಡೆದ ಹೊಲದ ಬದುವಿನದ್ದೂ ಬೇಡ.

ಪ್ರಶ್ನೆ: ಯುಗಾದಿ ಆದ ಮೇಲೆ ನಾಟಿ ಅವರೆ ಬಿತ್ತಿದೆ. ಬಳ್ಳಿ ಬೇಲಿ ತುಂಬಿದೆ, ಆದರೆ ಒಂದು ಹೂವಿಲ್ಲ. ಗೊಬ್ಬರ ಕಡಿಮೆ ಆಯಿತಾ? ಹಿತಕಿದ ಬೇಳೆ ಸಾರು ಮಾಡುವ ಆಸೆ. (ಅರಸೀಕೆರೆ)

ಗೊಬ್ಬರ ಹಾಕಿದರೆ ಇನ್ನೂ ಸೊಪ್ಪು ಬರುತ್ತದೆ, ಅಷ್ಟೇ. ನಾಟಿ ಅವರೆ ಹೂ ಬಿಡಲು ಹಗಲು ಚಿಕ್ಕದಾಗಬೇಕು, ರಾತ್ರಿ ಉದ್ದ ಆಗಬೇಕು. ನೀವು ಮಾರ್ಚ್‌ನಲ್ಲಿ ಬಿತ್ತಿದರೂ ಜುಲೈನಲ್ಲಿ ಬಿತ್ತಿದರೂ ಅದು ಕಾಯುವುದು ಚಳಿಗಾಲದ ಕಡೆಗೇ. ಬಳ್ಳಿ ಕೀಳಬೇಡಿ. ಮಳೆ ಮುಗಿಯುತ್ತಾ ಬಂದ ಹಾಗೆ ಹೂವು ಕಾಣುತ್ತದೆ, ಡಿಸೆಂಬರ್ ಜನವರಿಗೆ ಕಾಯಿ. ವರ್ಷದ ಯಾವಾಗ ಬೇಕಾದರೂ ಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ. ಅವಕ್ಕೆ ಹಗಲು ರಾತ್ರಿಯ ಲೆಕ್ಕ ಇಲ್ಲ. ನಾನು ಮಾತ್ರ ಮಂಜಿನಲ್ಲಿ ನೆನೆದ ನಾಟಿ ಅವರೆಯ ಸೊಗಡಿಗೆ ಕಾಯುವವಳು.

ಕಾಯಿ ಬಂದಾಗ, ಕಾಳು ತುಂಬಿ ಸಿಪ್ಪೆ ಇನ್ನೂ ಹಸಿರಿರುವಾಗ ಕೀಳಿ. ಸಿಪ್ಪೆ ಹಳದಿಗೆ ತಿರುಗಿದರೆ ಬೇಳೆ ಹಿಟ್ಟುಹಿಟ್ಟಾಗುತ್ತದೆ. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಹಿತುಕಿ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಎದುರಿನವರ ಮುಖಕ್ಕೆ ಹಾರುತ್ತದೆ, ಅದಕ್ಕೇ ಪಾತ್ರೆಯೊಳಗೆ ಕೈ ಇಟ್ಟು ಹಿತುಕಿ. ಮಸಾಲೆಗೆ ಚಕ್ಕೆ ಲವಂಗ ಅಳತೆಯಲ್ಲಿರಲಿ. ಜಾಸ್ತಿ ಹಾಕಿದರೆ ಎಂಟು ತಿಂಗಳು ಕಾದ ಸೊಗಡು ಅದರಡಿ ಮುಚ್ಚಿಹೋಗುತ್ತದೆ. ಬೇಳೆ ಹದಿನೈದು ನಿಮಿಷಕ್ಕೆ ಮೆತ್ತಗಾಗುತ್ತದೆ, ಸೌಟು ಜಾಸ್ತಿ ಆಡಿಸಬೇಡಿ. ಹಿತುಕಿದ ಸಿಪ್ಪೆ ಹಸುವಿಗೆ ಹಾಕಿ, ಅದಕ್ಕೂ ಅವರೆ ಕಾಲ ಗೊತ್ತು.