ಪಾರ್ಕಿಂಗ್ ಚೀಟಿ ಇಟ್ಟುಕೊಂಡಿದ್ದೀರಾ?

ಪ್ರಶ್ನೆ: ಕಳೆದ ತಿಂಗಳು ಹುಬ್ಬಳ್ಳಿಯ ನೆಂಟರನ್ನು ಕರೆದುಕೊಂಡು ನಮ್ಮ ಜಿಲ್ಲೆಯದೇ ಒಂದು ಬೀಚಿಗೆ ಹೋಗಿದ್ದೆವು. ಗೇಟಿನಲ್ಲಿ ಹುಡುಗನೊಬ್ಬ ಕಾರಿನ ನಂಬರ್ ಪ್ಲೇಟಿನ ಫೋಟೊ ಹೊಡೆದ. ನನ್ನ ಮೊಬೈಲ್ ನಂಬರ್ ಕೇಳಿ ಮಷಿನ್‌ಗೆ ಹಾಕಿದ. 40 ರೂಪಾಯಿಯ ಚೀಟಿ ಕೊಟ್ಟ. ಸೂರ್ಯ ಮುಳುಗಿದ ಮೇಲೆ ವಾಪಸ್ ಬಂದರೆ ‘ಟೈಮ್ ಮೀರಿದೆ, 300 ರೂಪಾಯಿ ದಂಡ’ ಅಂದರು. ಗೇಟಿಗೆ ಹಗ್ಗ ಕಟ್ಟಿದ್ದರು. ಕತ್ತಲಾಗಿತ್ತು, ಮಕ್ಕಳು ಅಳುತ್ತಿದ್ದವು, ಕೊಟ್ಟು ಬಂದೆ. ಈಗ ಮೂರು ಹೋಮ್‌ಸ್ಟೇಗಳಿಂದ ವಾಟ್ಸ್ಆ್ಯಪ್ ಬರುತ್ತಿದೆ. ದುಡ್ಡು ವಾಪಸ್ ಸಿಗುತ್ತದಾ? ನನ್ನ ನಂಬರ್ ಅವರಿಗೆಲ್ಲ ಹೇಗೆ ಹೋಯಿತು?
– ಓದುಗರು, ಅಂಕೋಲಾ

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಚೀಟಿ ಇದೆಯಾ, ಇಲ್ಲ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬೆಳ್ಳಗಾಗಿ ಹೋಯಿತಾ? ಮಷಿನ್ ಚೀಟಿಯ ಅಕ್ಷರ ನಮ್ಮ ಕರಾವಳಿಯ ಬಿಸಿಲು ತಡೆಯುವುದಿಲ್ಲ. ಇದ್ದರೆ ಈಗಲೇ ಫೋಟೊ ತೆಗೆದಿಡಿ. 300 ರೂಪಾಯಿ ಯುಪಿಐನಲ್ಲಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ದುಡ್ಡು ಪಾರ್ಕಿಂಗ್ ಗುತ್ತಿಗೆದಾರನ ಖಾತೆಗೆ ಹೋಯಿತೋ, ಗೇಟಿನ ಹುಡುಗನ ಖಾತೆಗೋ ಅಂತ ಅದರಲ್ಲೇ ಗೊತ್ತಾಗುತ್ತದೆ. ಚೀಟಿಯಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಎಣಿಸಿ. ಅಕ್ಷರ, ಅಂಕಿ ಸೇರಿ 15 ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನದು ಅಂತ ತೋರಿಸುತ್ತದೆ.

ಇನ್ನು ‘ದಂಡ’. ಆ ಮಾತು ಪೊಲೀಸರ ಬಾಯಲ್ಲೋ ಆರ್‌ಟಿಒ ಬಾಯಲ್ಲೋ ಬರಬೇಕು, ಗೇಟಿನ ಹುಡುಗನ ಬಾಯಲ್ಲಿ ಅಲ್ಲ. ಗುತ್ತಿಗೆದಾರ ತನ್ನ ಕರಾರಿನಲ್ಲಿರುವ ದರ ಕೇಳಬಹುದು. ಹೆಚ್ಚುವರಿ ಗಂಟೆಗೆ ಇಷ್ಟು ಅಂತ ಕರಾರಿನಲ್ಲಿ ಇದ್ದರೆ ಅದನ್ನೂ ಕೇಳಬಹುದು. ಇದೆಯಾ ಇಲ್ಲವಾ ಎಂಬುದು ಅವನ ಜೊತೆ ಜಗಳವಾಡಿದರೆ ತಿಳಿಯುವುದಿಲ್ಲ. ಕರಾರಿನ ನಕಲು ನಿಮ್ಮ ಕೈಗೆ ಬರಬೇಕು.

ಅದಕ್ಕಿರುವುದು ಮಾಹಿತಿ ಹಕ್ಕು ಕಾಯ್ದೆ, 2005ರದ್ದು. ಆ ಜಾಗ ನಗರಸಭೆಯದ್ದೋ, ಗ್ರಾಮ ಪಂಚಾಯಿತಿಯದ್ದೋ, ಪ್ರವಾಸೋದ್ಯಮ ಇಲಾಖೆಯದ್ದೋ ನಿಮಗೆ ಗೊತ್ತಿಲ್ಲದಿರಬಹುದು. ಪರವಾಗಿಲ್ಲ. ಒಂದು ಕಚೇರಿಗೆ ಹಾಕಿ. ತಮ್ಮದಲ್ಲದಿದ್ದರೆ ಅವರು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಯಾಕೆ ಬೇಕು ಅಂತ ಅವರು ಕೇಳುವಂತಿಲ್ಲ.

ನೀವೂ ‘ಯಾಕೆ’ ಅಂತ ಕೇಳಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಮೇಜಿನ ಆ ಕಡೆ ಕೂತವನು. ಪುರಸಭೆಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದೆ. ‘ಇಷ್ಟು ದುಬಾರಿ ಶುಲ್ಕ ಯಾಕೆ ವಸೂಲಿ ಮಾಡುತ್ತಿದ್ದೀರಿ? ಇದಕ್ಕೆ ಹೊಣೆ ಯಾರು?’ ಎಂಬ ಅರ್ಜಿ ಬಂದರೆ ನಮಗೆ ಖುಷಿಯೋ ಖುಷಿ. ‘ಕೋರಿದ ಮಾಹಿತಿ ಕಡತದಲ್ಲಿ ಲಭ್ಯವಿಲ್ಲ’ ಅಂತ ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಸಮಜಾಯಿಷಿ ಬರೆದುಕೊಡಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಆದರೆ ‘ಟೆಂಡರ್ ಷರತ್ತುಗಳ ನಕಲು, ಕಾರ್ಯಾದೇಶದ ನಕಲು, ಮಂಜೂರಾದ ದರಪಟ್ಟಿಯ ನಕಲು, ದರದ ಬೋರ್ಡ್ ಎಲ್ಲಿ ಹಾಕಬೇಕು ಎಂಬ ಷರತ್ತಿನ ಪುಟ’ ಅಂತ ಬರೆದವರ ಅರ್ಜಿ ಬಂದರೆ ಕುರ್ಚಿಯಿಂದ ಏಳಲೇಬೇಕಿತ್ತು.

ನಿವೃತ್ತನಾದ ಮೇಲೆ ಆ ವಿದ್ಯೆ ನನಗೇ ಬೇಕಾಯಿತು. ಒಂದು ಬಸ್ ನಿಲ್ದಾಣದ ಪಕ್ಕದ ಸ್ಟ್ಯಾಂಡಿನಲ್ಲಿ ಸ್ಕೂಟರಿಗೆ ದಿನಕ್ಕೆ 20 ರೂಪಾಯಿ ಕೀಳುತ್ತಿದ್ದರು. ಊರಿನ ಹೆಸರು ಬೇಡ. ಅರ್ಜಿ ಹಾಕಿದೆ. 14 ಪುಟ ಬಂತು, ಪುಟಕ್ಕೆ 2 ರೂಪಾಯಿಯಂತೆ 28 ಕಟ್ಟಿದೆ. ದರಪಟ್ಟಿಯಲ್ಲಿ ಇದ್ದದ್ದು 10 ರೂಪಾಯಿ. ಬೋರ್ಡ್ ಹಾಕಲೇಬೇಕು ಎಂಬ ಷರತ್ತೂ ಇತ್ತು. ಹೋಗಿ ಹುಡುಕಿದರೆ ಬೋರ್ಡ್ ಇತ್ತು ಮಾರಾಯ್ರೇ, ಗೋಡೆ ಕಡೆ ಮುಖ ಮಾಡಿ ನಿಂತಿತ್ತು! ಆ ಪುಟ ತೋರಿಸಿದ ಮೇಲೆ ಅದನ್ನು ತಿರುಗಿಸಿದರು. ನಾನು ಅಷ್ಟು ದಿನ ಕೊಟ್ಟಿದ್ದು ಮಾತ್ರ ವಾಪಸ್ ಬರಲಿಲ್ಲ. ನನ್ನ ಹತ್ತಿರ ಒಂದೂ ಚೀಟಿ ಇರಲಿಲ್ಲ ನೋಡಿ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೆ 30 ದಿನದ ಗಡುವು. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಗುತ್ತಿಗೆದಾರನ ಮನೆ ವಿಳಾಸ, ಹುಡುಗರ ಆಧಾರ್ ಅಂತೆಲ್ಲ ಕೇಳಿ ಅರ್ಜಿ ಕೆಡಿಸಿಕೊಳ್ಳಬೇಡಿ. ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) 2025ರ ನವೆಂಬರ್‌ನಿಂದ ಬದಲಾಗಿದೆ. ‘ವೈಯಕ್ತಿಕ ಮಾಹಿತಿ’ ಅಂತ ತಳ್ಳಿಹಾಕುವುದು ಈಗ ಸುಲಭ. ಟೆಂಡರಿನ ದರ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ.

ನಕಲು ಕೈಗೆ ಬಂದು, ದರ ಜಾಸ್ತಿ ತೆಗೆದುಕೊಂಡಿದ್ದಾರೆ ಅಂತಾದರೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಎರಡು ವರ್ಷದ ಅವಧಿ ಇದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಆದರೆ 300 ರೂಪಾಯಿಗೆ ಅಂಕೋಲಾದಿಂದ ಎಷ್ಟು ಸಲ ಬಸ್ ಹತ್ತುತ್ತೀರಿ, ನೀವೇ ಲೆಕ್ಕ ಹಾಕಿ.

ವಾಟ್ಸ್ಆ್ಯಪ್ ವಿಷಯ. ನಂಬರ್ ಹೇಗೆ ಹೋಯಿತು ಅಂತ ಕೇಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇದೆ. ನನ್ನ ಯಾವ ಮಾಹಿತಿ ಇಟ್ಟುಕೊಂಡಿದ್ದೀರಿ, ಯಾರ‍್ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಬಹುದು, ಅಳಿಸಿ ಅನ್ನಬಹುದು. ನಂಬರ್ ಯಾಕೆ ಬೇಕು ಅಂತ ಅವರು ಮೊದಲೇ ಕೊಡಬೇಕಾದ ನೋಟಿಸನ್ನು ಕನ್ನಡದಲ್ಲೂ ಕೇಳಬಹುದು. ತೊಡಕು ಏನೆಂದರೆ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಈ ಹಕ್ಕುಗಳು ಜಾರಿಯಾಗುವುದು ಅದಾದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ವಾಹನ ಮಾಲೀಕರ ಮೊಬೈಲ್ ನಂಬರ್ ಪಡೆಯಲು ಟೆಂಡರಿನಲ್ಲಿ ಅವಕಾಶ ಇದೆಯಾ ಅಂತ ಅದೇ ಮಾಹಿತಿ ಹಕ್ಕು ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಮತ್ತೆ ಎಲ್ಲಾದರೂ ಕೇಳಿದರೆ ‘ನಂಬರ್ ಕೊಡುವುದಿಲ್ಲ, ಚೀಟಿ ಕೊಡು’ ಅನ್ನಿ. ನಾನು ಹಾಗೇ ಅನ್ನುತ್ತೇನೆ. ಚೀಟಿ ಬಂದೇ ಬರುತ್ತದೆ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಆರು ತಾಸು ನಿಲ್ಲಿಸಿದ್ದೀ ಅಂತ 100 ಪೌಂಡ್ ನೋಟಿಸ್ ಬಂದಿದೆ. ಅವನು ಹೋಗಿದ್ದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹತ್ತು ಹತ್ತು ನಿಮಿಷ. ಗೆಳೆಯರು ‘ಹರಿದು ಬಿಸಾಡು’ ಅನ್ನುತ್ತಾರಂತೆ. ವೀಸಾಕ್ಕೆ ತೊಂದರೆ ಆಗುತ್ತದಾ ಅಂತ ನನಗೆ ಹೆದರಿಕೆ.
– ತಾಯಿ, ಶಿರಸಿ

ಉತ್ತರ: ಹೆದರಬೇಡಿ ಅಕ್ಕಾ, ಆದರೆ ಹರಿಯುವುದೂ ಬೇಡ. ಖಾಸಗಿ ಕಂಪನಿ ಕಳಿಸುವುದು ಸರ್ಕಾರದ ದಂಡವಲ್ಲ, ಬಿಲ್ಲಿನಂತೆ. ನಗರಾಡಳಿತದ ‘ಪೆನಾಲ್ಟಿ ಚಾರ್ಜ್ ನೋಟಿಸ್’ ಬೇರೆ, ಇವರ ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಬೇರೆ. ಎರಡಕ್ಕೂ ಪಿಸಿಎನ್ ಅಂತಲೇ ಹೆಸರು, ಜನ ಅಲ್ಲೇ ಮೋಸಹೋಗುತ್ತಾರೆ. ಹಾಗಂತ ಬೆಲೆಯಿಲ್ಲದ ಕಾಗದವೂ ಅಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಂಥದೇ 85 ಪೌಂಡಿನ ಬಿಲ್ಲನ್ನು ಎತ್ತಿಹಿಡಿದಿದೆ. ಸುಮ್ಮನಿದ್ದರೆ ಕಂಪನಿ ಕೋರ್ಟಿಗೆ ಹೋಗಬಹುದು.

ನಿಮ್ಮ ಮಗನಿಗೆ ಆದದ್ದು ಅಲ್ಲಿನ ಪಾರ್ಕಿಂಗ್ ಕ್ಯಾಮೆರಾಗಳ ಹಳೆಯ ಕಾಯಿಲೆ. ಕ್ಯಾಮೆರಾ ಬೆಳಿಗ್ಗೆ ಒಳಗೆ ಬಂದದ್ದನ್ನೂ ಸಂಜೆ ಹೊರಗೆ ಹೋದದ್ದನ್ನೂ ಹಿಡಿಯುತ್ತದೆ, ನಡುವಿನ ಎರಡನ್ನು ಬಿಟ್ಟುಬಿಡುತ್ತದೆ. ಎರಡು ಭೇಟಿ ಸೇರಿ ಒಂದಾಗುತ್ತದೆ. ಅವನು ಆ ಕಂಪನಿಗೆ ‘ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್’ ಅಂತ, ಅಂದರೆ ತನ್ನ ಬಗ್ಗೆ ಇಟ್ಟುಕೊಂಡ ಮಾಹಿತಿ ಕೊಡಿ ಅಂತ, ಒಂದು ಇಮೇಲ್ ಹಾಕಲಿ. ಆ ದಿನ ತನ್ನ ಗಾಡಿಯ ನಂಬರಿಗೆ ಸಿಕ್ಕ ಎಲ್ಲ ಫೋಟೊ, ಸಮಯ, ಟಿಪ್ಪಣಿ ಕೊಡಿ ಅಂತ ಕೇಳಲಿ. ದುಡ್ಡು ಕೊಡಬೇಕಿಲ್ಲ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಕೊಡದಿದ್ದರೆ ಮಾಹಿತಿ ಕಮಿಷನರ್ ಕಚೇರಿಗೆ, ಅಂದರೆ ಐಸಿಒಗೆ ದೂರು. ಗಾಡಿ ನೋಂದಣಿ ಮಾಡುವ ಡಿವಿಎಲ್ಎಗೂ ಬರೆದು, ತನ್ನ ವಿಳಾಸ ಯಾರು ತೆಗೆದುಕೊಂಡರು ಅಂತ ಕೇಳಬಹುದು.

ಒಂದೇ ಎಚ್ಚರ: ಈ ಇಮೇಲ್ ಹಾಕಿದ ಮಾತ್ರಕ್ಕೆ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ. ಕಂಪನಿಗೆ 28 ದಿನದೊಳಗೆ ತಕರಾರು ಹೋಗಲೇಬೇಕು. ಅವರು ಒಪ್ಪದಿದ್ದರೆ, ಆ ಕಂಪನಿ ಯಾವ ಸಂಘದ ಸದಸ್ಯ ಎಂಬುದರ ಮೇಲೆ ಪಾಪ್ಲಾ ಅಥವಾ ಐಎಎಸ್ ಎಂಬ ಮೇಲ್ಮನವಿ ವ್ಯವಸ್ಥೆ ಇದೆ. (ನಮ್ಮ ಐಎಎಸ್ ಅಲ್ಲ!) ಅಂಗಡಿಯ ಬಿಲ್ ಇದ್ದರೆ ಮ್ಯಾನೇಜರಿಗೆ ತೋರಿಸಲಿ, ಎಷ್ಟೋ ಸಲ ಅವರೇ ರದ್ದು ಮಾಡಿಸುತ್ತಾರೆ. ಬರೀ ಪಾರ್ಕಿಂಗ್ ಬಿಲ್ ಬಂದದ್ದು ಅಪರಾಧವಲ್ಲ. ವೀಸಾ ಚಿಂತೆ ಬಿಡಿ.

ಪ್ರಶ್ನೆ: ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಮನೆ ಅಂಗಳದಲ್ಲಿ ಬೈಕ್ ನಿಲ್ಲಿಸಿಕೊಳ್ಳುತ್ತೇವೆ. ನಂಬರ್, ಫೋನ್ ಪುಸ್ತಕದಲ್ಲಿ ಬರೆದಿಡುತ್ತೇವೆ. ನಮ್ಮ ಮೇಲೂ ಕೇಸ್ ಆಗುತ್ತದಾ?
– ಓದುಗರು, ಶಿರಸಿ

ಉತ್ತರ: ಪೆನ್ನಿನಲ್ಲಿ ಬರೆದ ಪುಸ್ತಕಕ್ಕೆ ಮೊದಲ ಉತ್ತರದಲ್ಲಿ ಹೇಳಿದ ದತ್ತಾಂಶ ಕಾಯ್ದೆ ತಟ್ಟುವುದಿಲ್ಲ. ಅದೇ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ಮುಂದಿನ ಜಾತ್ರೆಗೆ ಮೆಸೇಜ್ ಕಳಿಸಲು ಹೊರಟರೆ ವಿಷಯ ಬೇರೆ. ದರವನ್ನು ಅಂಗಳದ ಬಾಗಿಲಿಗೇ ಬರೆದು ಅಂಟಿಸಿ, ಕಾಣುವ ಹಾಗೆ. ಜಾತ್ರೆ ಮುಗಿದು ಎಲ್ಲರೂ ಬೈಕ್ ಒಯ್ದ ಮೇಲೆ ಆ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿಬಿಡಿ.