ಇಂಟರ್ನೆಟ್ ರೂಪಿಸಿದವರ ಪಟ್ಟಿಗೆ ಕನ್ನಡದ ಯಾರನ್ನು ಸೇರಿಸಲಿ?

ಕಾಲೇಜಿನ ಸೆಮಿನಾರಿನಲ್ಲಿ ಇಂಟರ್ನೆಟ್ ರೂಪಿಸಿದವರ ಬಗ್ಗೆ ಮಾತನಾಡಬೇಕು, ಗೂಗಲ್ ಫೇಸ್‌ಬುಕ್ ಕಟ್ಟಿದವರನ್ನು ಎಲ್ಲರೂ ಹೇಳುತ್ತಾರೆ, ಅವರನ್ನು ಬಿಟ್ಟು ಯಾರನ್ನು ಹೇಳಲಿ, ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಇದ್ದಾರೆ. ಹೆಸರುಗಳನ್ನು ಹೇಳುವ ಮೊದಲು ನನ್ನ ಅಂಗಡಿಯಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಆ ಹೆಸರುಗಳ ಬೆಲೆ ನನಗೆ ಗೊತ್ತಾಗಿದ್ದೇ ಅದರಿಂದ.

ನಾನು 1997ರಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಮಾಡುತ್ತಿದ್ದವನು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಇವೇ ಕೆಲಸ. 2000ದ ಹೊತ್ತಿಗೆ ಒಂದು ಫೋನ್ ಲೈನ್ ಎಳೆಸಿ ಇಂಟರ್ನೆಟ್ ಹಾಕಿಸಿದೆ. ಹೊಸನಗರದಾಚೆಯ ಹಳ್ಳಿಯೊಂದರಿಂದ ಒಬ್ಬರು ಅಮ್ಮ ಗಂಡನ ಜೊತೆ ಅಡಿಕೆ ಮಂಡಿಗೆ ಬರುತ್ತಿದ್ದರು. ಯಜಮಾನರ ಲೆಕ್ಕಾಚಾರ ಮುಗಿಯುವವರೆಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಅವರ ಮಗಳು ಮದುವೆಯಾಗಿ ಜರ್ಮನಿಯಲ್ಲಿದ್ದಳು. ಅವಳ ಇಮೇಲ್ ನನ್ನ ಅಂಗಡಿಯ ವಿಳಾಸಕ್ಕೆ ಬರುತ್ತಿತ್ತು. ಬರೆಯುತ್ತಿದ್ದದ್ದು ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಸಲೀಸಾಗಿ ಓದುತ್ತಿದ್ದರು, ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ನಾನೇ ಓದಿ ಹೇಳಬೇಕಿತ್ತು.

ಎಚ್, ಎ, ಎಲ್, ಯು ಎಂಬ ನಾಲ್ಕು ಅಕ್ಷರ ಬಂದರೆ ಅದು ಹಾಲೂ ಆಗಬಹುದು, ಹಲ್ಲೂ ಆಗಬಹುದು, ಹಾಳೂ ಆಗಬಹುದು, ನಮ್ಮ ಕಡೆ ತೋಟದಂಚಿನಲ್ಲಿ ಬೆಳೆದು ನಿಲ್ಲುವ ಹಳುವೂ ಆಗಬಹುದು. ಒಂದು ದಿನ ಓದುವ ಭರದಲ್ಲಿ 'ಹೊಸ ಮನೆ ಹಾಳು' ಅಂದುಬಿಟ್ಟೆ. ಸಾಲು ಅಲ್ಲಿಗೆ ತುಂಡಾಗಿತ್ತು. ಮುಂದಿನ ಸಾಲಿನಲ್ಲಿ 'ಉಕ್ಕಿಸಿ ಒಳಗೆ ಹೋದ್ವಿ' ಅಂತಿತ್ತು. ಹೊಸ ಮನೆಗೆ ಹೋಗುವಾಗ ಹಾಲು ಉಕ್ಕಿಸಿದ್ದನ್ನು ಬರೆದಿದ್ದಳು ಪಾಪ. ತಕ್ಷಣ ತಿದ್ದಿ ಓದಿದೆ. ಆದರೆ ಆ ತಾಯಿಯ ಮುಖ ಬಿಳಿಚಿಕೊಂಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕನ್ನಡದಲ್ಲೇ ಬರೆಯಬಹುದಿತ್ತಲ್ಲ? ಬರೆದು ಕಳಿಸಿಯೂ ನೋಡಿದ್ದಳು. ಇಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ತಲೆಕಟ್ಟು ಒಂದು ಮನೆಯಲ್ಲಿ, ಒತ್ತು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ. ಆ ಫಾಂಟ್ ಇಲ್ಲದಿದ್ದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ನಡುವೆ ಬ್ರಿಟನ್ನಿನ ಪೌಂಡಿನ ಚಿಹ್ನೆ ಬಂದು, ತಲೆ ಮೇಲೆ ಗೀಟಿರುವ ಎಗಳು ಅಲ್ಲಲ್ಲಿ ನಿಲ್ಲುತ್ತಿದ್ದವು. ಒಂದು ಕಂಪನಿಯ ಫಾಂಟಿನಲ್ಲಿ ಮಾಡಿದ್ದು ಇನ್ನೊಂದು ಕಂಪನಿಯದರಲ್ಲಿ ತೆರೆಯುತ್ತಿರಲಿಲ್ಲ. ಕೆಲವದಕ್ಕಂತೂ ಕಂಪ್ಯೂಟರಿನ ಹಿಂದೆ ಡಾಂಗಲ್ ಎಂಬ ಬೀಗದ ಕೀಲಿಯಂಥದ್ದನ್ನು ಸಿಕ್ಕಿಸಬೇಕಿತ್ತು, ಅದಿಲ್ಲದೆ ತಂತ್ರಾಂಶ ತೆರೆಯುತ್ತಿರಲಿಲ್ಲ. ನನ್ನ ಒಂದು ಡಾಂಗಲ್ ಮಳೆಗಾಲದ ಸಿಡಿಲಿಗೆ ಸುಟ್ಟುಹೋಯಿತು. ಮಾರಿದವರು ಅಷ್ಟರಲ್ಲಿ ಅಂಗಡಿ ಮುಚ್ಚಿದ್ದರು. ಮೂರು ವರ್ಷದ ಕೆಲಸ ಡಿಸ್ಕಿನಲ್ಲೇ ಉಳಿಯಿತು.

ಈಗ ಹೆಸರುಗಳಿಗೆ ಬರುತ್ತೇನೆ.

ಮೊದಲನೆಯದು ಕೆ.ಪಿ. ರಾವ್, ಕಿನ್ನಿಕಂಬಳದ ಪದ್ಮನಾಭ ರಾವ್. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ವಿನ್ಯಾಸ ಇವರದು. ಒತ್ತಕ್ಷರಕ್ಕೆ ಬೇರೆ ಕೀಲಿಗಳನ್ನು ಇಡಲಿಲ್ಲ. ಎಫ್ ಒತ್ತಿದರೆ ಹಿಂದಿನ ಅಕ್ಷರ ಅರ್ಧವಾಗುತ್ತದೆ. 'ಅಕ್ಕ' ಬರೆಯಲು ಎ, ಕೆ, ಎಫ್, ಕೆ, ಅಷ್ಟೇ. ಕನ್ನಡದ ಕಾಗುಣಿತ ಹೇಗೆ ಹುಟ್ಟುತ್ತದೆ ಎಂಬುದನ್ನು ವ್ಯಾಕರಣ ಬಲ್ಲವರ ಹಾಗೆ ಯೋಚಿಸಿ ಮಾಡಿದ್ದು ಅದು. ನಾನು ಅದಕ್ಕೂ ಮುಂಚೆ ನೂರಾರು ಸಂಕೇತ ಬಾಯಿಪಾಠ ಮಾಡಿ ಟೈಪ್ ಮಾಡುತ್ತಿದ್ದವನು, ಹಾಗಾಗಿ ಆ ಒಂದು ಎಫ್ ಕೀಲಿ ನನ್ನ ಬೆರಳುಗಳಿಗೆ ಎಷ್ಟು ಬಿಡುವು ಕೊಟ್ಟಿತು ಎಂದು ನನಗೆ ಗೊತ್ತು. 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಹಾಗೇ ಕೊಟ್ಟರು, ವಿನ್ಯಾಸಕ್ಕೂ ಯಾರಿಂದಲೂ ದುಡ್ಡು ಕೇಳಲಿಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ 'ನುಡಿ' ಮಾಡಿದಾಗ ಇದೇ ವಿನ್ಯಾಸವನ್ನು ಆಧಾರವಾಗಿ ತೆಗೆದುಕೊಂಡಿತು. ಇವತ್ತು ತಾಲೂಕು ಕಚೇರಿಯಲ್ಲಿ ಕನ್ನಡ ಒತ್ತುವ ಬೆರಳುಗಳು ಓಡುವುದು ಅವರು ಹಾಕಿದ ದಾರಿಯಲ್ಲೇ.

ಎರಡನೆಯದು ಶೇಷಾದ್ರಿವಾಸು. 1998ರಲ್ಲಿ 'ಬರಹ' ಬಿಡುಗಡೆ ಮಾಡಿ ಉಚಿತವಾಗಿ ಹಂಚಿದರು. ಹೊರದೇಶದ ಕನ್ನಡಿಗರು ಕನ್ನಡದಲ್ಲಿ ಬರೆಯತೊಡಗಿದ್ದರಲ್ಲಿ ಅದರ ಪಾಲು ದೊಡ್ಡದು. ಯು.ಬಿ. ಪವನಜ ಅವರು ಅದಕ್ಕೂ ಮುಂಚೆ, 1996ರಲ್ಲೇ, 'ವಿಶ್ವಕನ್ನಡ' ಎಂಬ ಅಂತರ್ಜಾಲ ಪತ್ರಿಕೆ ಶುರು ಮಾಡಿದ್ದರು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಮೂಲಕ ಜನರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ಕ್ಕೆ. ಒಂದೂವರೆ ವರ್ಷವೂ ಆಗಿರಲಿಲ್ಲ. ಕನ್ನಡಕ್ಕೆ ಯಾರೂ ಏನೂ ಮಾಡಲಿಲ್ಲ ಎಂದು ಸಭೆಗಳಲ್ಲಿ ಹೇಳುವವರನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇಷ್ಟಾದರೂ ನನ್ನ ಅಂಗಡಿಗೆ ಬರುತ್ತಿದ್ದ ಆ ಅಮ್ಮನ ಕಷ್ಟ ಪರಿಹಾರ ಆಗಿರಲಿಲ್ಲ. ಟೈಪ್ ಮಾಡುವುದು ಸುಲಭವಾಗಿತ್ತು. ಟೈಪ್ ಮಾಡಿದ್ದು ಊರು ದಾಟಿ ಕನ್ನಡವಾಗಿಯೇ ತಲುಪುವುದು ಬಾಕಿ ಇತ್ತು. ಅದಕ್ಕೆ ಬೇಕಾಗಿದ್ದು ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಒಂದು ಲೆಕ್ಕ. ಇಲ್ಲಿಂದ ನಿಮ್ಮ ಪಟ್ಟಿ ಅಮೆರಿಕಕ್ಕೆ ಹೋಗುತ್ತದೆ, ಹೋಗಲೇಬೇಕು.

ಜೆರಾಕ್ಸ್ ಕಂಪನಿಯ ಜೋ ಬೆಕರ್, ಲೀ ಕಾಲಿನ್ಸ್, ಆಪಲ್‌ನ ಮಾರ್ಕ್ ಡೇವಿಸ್, ಈ ಮೂವರು 1980ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು ಯೂನಿಕೋಡ್. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಆದ ಒಂದು ಸಂಖ್ಯೆ, ಬೇರೆ ಯಾರಿಗೂ ಆ ಸಂಖ್ಯೆ ಇಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 3200ರಿಂದ 3327ರವರೆಗೆ 128 ಮನೆಗಳು ನಮ್ಮವು. 'ಅ' 3205ನೇ ಮನೆಯಲ್ಲಿದ್ದಾಳೆ, 'ಕ' 3221ರಲ್ಲಿ. ಕ್ಷ ಅಕ್ಷರಕ್ಕೆ ಬೇರೆ ಮನೆ ಇಲ್ಲ. ಕ, ಅದನ್ನು ಅರ್ಧ ಮಾಡುವ ಹಲಂತದ ಗುರುತು, ಷ ಮೂರೂ ಸಾಲಾಗಿ ಬಂದರೆ ಕ್ಷ ಎಂದು ಬರೆದು ತೋರಿಸಬೇಕಾದ್ದು ಯಂತ್ರದ ಕೆಲಸ. ಈ ಮನೆಗಳ ಕ್ರಮವಾದರೂ ಅಮೆರಿಕದ್ದಲ್ಲ. ನಮ್ಮಲ್ಲಿ ಆಗಲೇ ಸಿದ್ಧವಾಗಿದ್ದ ಇಸ್ಕಿ ಎಂಬ ಭಾರತೀಯ ಮಾನಕದಿಂದ ತೆಗೆದುಕೊಂಡದ್ದು, ಅಂದರೆ ನಾವು ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ ಕ ಖ ಗ ಘ ಙ ಅದೇ ಸಾಲು. ಹಿಂದಿ, ತೆಲುಗು, ಕನ್ನಡ ಮೂರರಲ್ಲೂ 'ಕ' ತನ್ನ ತನ್ನ ಸಾಲಿನ ಅದೇ ಸ್ಥಾನದಲ್ಲಿ ಕೂತಿದೆ.

ಆ ಸಂಖ್ಯೆಗಳನ್ನು ಇಂಟರ್ನೆಟ್ಟಿನಲ್ಲಿ ಸಾಗಿಸುವ ಉಪಾಯ ಯುಟಿಎಫ್-8. 1992ರ ಸೆಪ್ಟೆಂಬರಿನಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಕೆನ್ ಥಾಂಪ್ಸನ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಸಹೋದ್ಯೋಗಿ ರಾಬ್ ಪೈಕ್ ಎದುರಿಗೆ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದನ್ನು ಬರೆದರು. ಹಳೆಯ ಇಂಗ್ಲಿಷ್ ಕಡತಗಳಿಗೆ ಒಂದಿಷ್ಟೂ ತೊಂದರೆ ಆಗದ ಹಾಗೆ ಮಾಡಿದ್ದರಿಂದಲೇ ಎಲ್ಲರೂ ಒಪ್ಪಿದರು. ನೀವು ಈಗ ಓದುತ್ತಿರುವ ಕನ್ನಡದ ಅಂಥ ಒಂದೊಂದು ಸಂಖ್ಯೆಯೂ ಮೂರು ಮೂರು ಬೈಟುಗಳಾಗಿ ನಿಮ್ಮ ಮೊಬೈಲಿಗೆ ಬಂದಿದೆ.

ಕಾಗದದ ಮೇಲಿದ್ದದ್ದು ನಮ್ಮೂರಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದೇ ಒಂದು ಫಾಂಟ್ ಬಂತು. ಅದರ ಹೆಸರು ತುಂಗಾ. ನನ್ನ ಅಂಗಡಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಹರಿಯುವ ಹೊಳೆಯ ಹೆಸರು ಫಾಂಟುಗಳ ಪಟ್ಟಿಯಲ್ಲಿ ಕಂಡಾಗ ಅಕ್ಕಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದ್ದೆ. ಆದರೆ ಕನ್ನಡ ತಾನಾಗಿ ಕಾಣುತ್ತಿರಲಿಲ್ಲ. ಭಾಷೆಯ ಸೆಟ್ಟಿಂಗಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿಯ ಸಿ.ಡಿ. ತುರುಕಿ, ಕಂಪ್ಯೂಟರ್ ಆರಿಸಿ ಮತ್ತೆ ಹೊತ್ತಿಸಬೇಕಿತ್ತು. ಆ ವರ್ಷ ಎಷ್ಟು ಜನರ ಮನೆಗೆ ಹೋಗಿ ಆ ಟಿಕ್ ಹಾಕಿಕೊಟ್ಟೆನೋ ಲೆಕ್ಕವಿಲ್ಲ.

2005ರ ಚೌತಿ ಕಳೆದ ಮೇಲೆ ಅಮ್ಮ ಬಂದರು. ಮಗಳು ಮೊದಲ ಸಲ ಯೂನಿಕೋಡಿನಲ್ಲಿ ಬರೆದಿದ್ದಳು. ಅಕ್ಷರ ದೊಡ್ಡದು ಮಾಡಿ, ರೂಢಿಯಂತೆ ನಾನೇ ಓದಲು ಶುರು ಮಾಡಿದೆ. 'ನೀ ಸುಮ್ನಿರು ಮಾರಾಯ, ನಾನೇ ಓದ್ತೀನಿ' ಅಂದರು. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಪದ ಓದಿದರು. ಚಕ್ಕುಲಿ ಮಾಡಿದ್ದಳಂತೆ, ಗರಿಗರಿ ಬರಲಿಲ್ಲವಂತೆ. ಅದನ್ನು ಜೋರಾಗಿ ಓದಿ ನಕ್ಕರು. ಆಮೇಲೆ ದನಿ ಇಳಿಯಿತು, ತುಟಿ ಮಾತ್ರ ಆಡುತ್ತಿತ್ತು. ಕೊನೆಯ ಭಾಗದಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ನಾನು ಹೊರಗೆ ಹೋಗಿ ನಿಂತೆ. ಐದು ವರ್ಷ ತಾಯಿ ಮಗಳ ನಡುವೆ ನಾನು ಕೂತಿದ್ದೆ ಎಂಬುದು ನನಗೆ ಹೊಳೆದದ್ದು ಆಗಲೇ. ಮಗಳು ಬರೆಯಬೇಕೆಂದುಕೊಂಡು, ನಾನು ಓದುತ್ತೇನೆ ಅಂತ ಬರೆಯದೆ ಬಿಟ್ಟದ್ದು ಎಷ್ಟಿತ್ತೋ.

ಸೆಮಿನಾರಿನಲ್ಲಿ ಇನ್ನೊಂದು ವಿಷಯ ಹೇಳಿ. ಇದೆಲ್ಲ ಸಾಧ್ಯವಾದದ್ದು ಕೆಳಗಿನ ತಳಹದಿಗೆ ಯಾರೂ ಬೀಗ ಹಾಕದೆ ಇದ್ದದ್ದರಿಂದ. 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಎಂಬ ಜಾಲದ ಕುರಿತ ಮೊದಲ ಟಿಪ್ಪಣಿ ಬರೆದ. ಆಗ ಗೆಳೆಯರ ಮನೆಯಲ್ಲಿದ್ದ, ಅವರ ನಿದ್ದೆ ಕೆಡಬಾರದೆಂದು ರಾತ್ರಿ ಬಚ್ಚಲುಮನೆಯಲ್ಲಿ ಕೂತು ಬರೆದನಂತೆ. ಅದಕ್ಕೆ ನಿಯಮ ಎಂದಾಗಲಿ ಆದೇಶ ಎಂದಾಗಲಿ ಹೆಸರಿಡದೆ, ನಿಮ್ಮ ಅಭಿಪ್ರಾಯ ಹೇಳಿ ಎಂಬ ಅರ್ಥದಲ್ಲಿ 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಎಂದು ಹೆಸರಿಟ್ಟ. ಆರ್‌ಎಫ್‌ಸಿ ಎಂದರೆ ಅದೇ. ಇವತ್ತಿಗೂ ಇಂಟರ್ನೆಟ್ಟಿನ ಮಾನಕಗಳು ಅದೇ ಹೆಸರಿನಲ್ಲಿ ಬರುತ್ತವೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಜಾನ್ ಪೋಸ್ಟೆಲ್ ಎಂಬುವರು 1998ರಲ್ಲಿ ತೀರಿಕೊಳ್ಳುವವರೆಗೂ ಆ ಟಿಪ್ಪಣಿಗಳ ಸಂಪಾದಕರಾಗಿದ್ದರು. ಯುರೋಪಿನ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ಬನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ ಮಿನ್ನೆಸೋಟ ವಿಶ್ವವಿದ್ಯಾಲಯ ವೆಬ್ಬಿನಂಥದೇ ಆದ ತನ್ನ ಗೋಫರ್ ಎಂಬ ವ್ಯವಸ್ಥೆಗೆ ಶುಲ್ಕ ಕೇಳುತ್ತೇನೆ ಅಂದಿತು. ಗೋಫರ್ ಹೆಸರು ನೀವು ಕೇಳಿರಲಿಕ್ಕಿಲ್ಲ.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುತ್ತಾರಲ್ಲ, ಹಾಕಿದವರು ದಾಟುವವರಿಂದ ಕಾಸು ಕೇಳುವುದಿಲ್ಲ. ಗೂಗಲ್, ಫೇಸ್‌ಬುಕ್ ಕಟ್ಟಿದವರನ್ನೂ ನಿಮ್ಮ ಪಟ್ಟಿಯಲ್ಲಿ ಇಡಿ, ಬೇಡ ಎನ್ನುವುದಿಲ್ಲ. ಅವರು ಸಂಕ ದಾಟಿ ಬಂದವರು ಎಂಬುದನ್ನೂ ಜೊತೆಗೆ ಹೇಳಿ.

ನಮ್ಮ ಜಿಲ್ಲೆಯ ನಂಟು ಬೇಕಿದ್ದರೆ, ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಕೆ. ಚಿದಾನಂದ ಗೌಡರು ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಯ ಅಧ್ಯಕ್ಷರಾಗಿದ್ದರು. 'ವಚನ ಸಂಚಯ' ಎಂಬ ಜಾಲತಾಣವನ್ನೂ ನೋಡಿ. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ಸುಮಾರು 20 ಸಾವಿರ ವಚನಗಳನ್ನು ಹುಡುಕಲು ಬರುವಂತೆ ಮಾಡಿದ್ದಾರೆ. ನಮ್ಮ ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕ 'ಬೆಟ್ಟ' ಎಂಬ ಪದವನ್ನು ಎಲ್ಲೆಲ್ಲಿ ಬಳಸಿದ್ದಾಳೆ ಎಂದು ಕೇಳಿದರೆ ಕ್ಷಣದಲ್ಲಿ ಸಿಗುತ್ತದೆ. ಅದೇ ಪಠ್ಯ ಹಳೆಯ ಫಾಂಟಿನಲ್ಲೇ ಉಳಿದಿದ್ದರೆ ಕಂಪ್ಯೂಟರಿಗೆ ಪೌಂಡಿನ ಚಿಹ್ನೆಯಂಥ ಗುರುತುಗಳು ಮಾತ್ರ ಸಿಗುತ್ತಿದ್ದವು.

ನಿಮ್ಮಿಂದ ಒಂದು ಕೆಲಸವೂ ಆಗಬೇಕು. ನಿಮ್ಮ ಮನೆಯಲ್ಲಿ, ಊರಿನ ಶಾಲೆಯಲ್ಲಿ, ಸೊಸೈಟಿಯಲ್ಲಿ 2005ಕ್ಕಿಂತ ಹಿಂದಿನ ಸಿ.ಡಿ., ಫ್ಲಾಪಿ ಇದ್ದರೆ ಎಸೆಯಲು ಬಿಡಬೇಡಿ. ನಾನು ಈಗ ಭಾನುವಾರಗಳಲ್ಲಿ ಮಾಡುತ್ತಿರುವುದು ಇದನ್ನೇ, ನುಡಿ, ಬರಹದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರುತ್ತದೆ, ಎಡವಟ್ಟಾಗುವುದು ಅಲ್ಲೇ. ಪರಿವರ್ತನೆ ಮುಗಿದ ತಕ್ಷಣ 'ತೀರ್ಥಹಳ್ಳಿ' ಎಂಬ ಪದ ಹುಡುಕಿ. 'ತೀಥರ್ಹಳ್ಳಿ' ಅಂತ ಕಂಡರೆ ಇಡೀ ಕಡತವನ್ನು ಸಾಲು ಸಾಲಾಗಿ ಓದಿ, ಕೈಯಾರೆ ತಿದ್ದಿ.