ಡಿ.ಸಿ. ಕೇಬಲ್ ಪಕ್ಕದ ಪೈಪಿನಲ್ಲಿ ಉಳಿಯುವ ಕಾಂತತೆ

ಪ್ರಶ್ನೆ: ನಮ್ಮ ಎಲೆಕ್ಟ್ರೋಪ್ಲೇಟಿಂಗ್ ಘಟಕದಲ್ಲಿ 2000 ಆಂಪಿಯರ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಒಯ್ಯುವ ಕೇಬಲ್ಲಿನಿಂದ 20 ಸೆಂ.ಮೀ. ಅಂತರದಲ್ಲಿ ಉಕ್ಕಿನ ಪೈಪೊಂದು ಅಡ್ಡಹಾದಿದೆ. ಈ ಡಿ.ಸಿ. ಒದಗಿಸುವ ರೆಕ್ಟಿಫೈಯರನ್ನು ನಿಲ್ಲಿಸಿ, ಪೈಪನ್ನು ಕತ್ತರಿಸಿ ವೆಲ್ಡಿಂಗ್ ಮಾಡಹೊರಟರೆ ಆರ್ಕ್ (ಬೆಸುಗೆಯ ವಿದ್ಯುತ್ ಜ್ವಾಲೆ) ಒಂದೇ ಬದಿಗೆ ವಾಲುತ್ತದೆ. ಉಳಿಯುವ ಕಾಂತತೆ ಎಷ್ಟೆಂದು ಮೊದಲೇ ಲೆಕ್ಕ ಹಾಕಬಹುದೇ?

ಉತ್ತರ: ಕೇಬಲ್ಲಿನ ಕಾಂತಕ್ಷೇತ್ರವನ್ನು ಖಚಿತವಾಗಿ ಲೆಕ್ಕ ಹಾಕಬಹುದು, ಅದು ನಿಂತ ಮೇಲೆ ಉಕ್ಕಿನಲ್ಲಿ ಉಳಿಯುವುದನ್ನು ಅಂದಾಜು ಮಾಡಬಹುದಷ್ಟೆ. ಆಂಪಿಯರನ್ನು ಸೆಂಟಿಮೀಟರಿನಲ್ಲಿರುವ ದೂರದಿಂದ ಭಾಗಿಸಿ, ಬಂದದ್ದರ ಐದನೇ ಒಂದು ಭಾಗ ತೆಗೆದುಕೊಂಡರೆ ಒಂಟಿ ಕೇಬಲ್ಲಿನ ಕ್ಷೇತ್ರ ಗೌಸ್ (ಕಾಂತಕ್ಷೇತ್ರದ ಅಳತೆಯ ಮಾನ) ಲೆಕ್ಕದಲ್ಲಿ ಸಿಗುತ್ತದೆ. ನಿಮ್ಮಲ್ಲಿ ಅದು 20 ಗೌಸ್, ಅಂದರೆ ಭೂಮಿಯ ಕ್ಷೇತ್ರದ ಸುಮಾರು 50 ಪಟ್ಟು. ಮೀಟರಿಗೆ ಸುಮಾರು 1600 ಆಂಪಿಯರಿಗೆ ಸಮನಾದ ಈ ಕ್ಷೇತ್ರದ ಎದುರು, ಸಾಮಾನ್ಯ ಮೃದು ಉಕ್ಕಿನ ಕಾಂತತೆಯನ್ನು ಅಳಿಸಲು ಮೀಟರಿಗೆ ಕೆಲವು ನೂರು ಆಂಪಿಯರ್ ಸಾಕಾಗುತ್ತದೆ ಎಂಬುದನ್ನು ಇಟ್ಟು ನೋಡಿದರೆ, ಗುರುತು ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಎಷ್ಟು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ದಿಕ್ಕಿನ ಮಾತು. ಪೈಪು ಕೇಬಲ್ಲಿಗೆ ಸಮಾಂತರವಾಗಿದ್ದಿದ್ದರೆ ಕ್ಷೇತ್ರ ಅದರ ಅಡ್ಡಕ್ಕೆ ಬಿದ್ದು, ಮೇಲ್ಮೈಯಲ್ಲಿ ಏಳುವ ಧ್ರುವಗಳೇ ಒಳಗಿನ ಕಾಂತತೆಯನ್ನು ಬಹುಪಾಲು ಅಳಿಸಿಬಿಡುತ್ತಿದ್ದವು. ನಿಮ್ಮ ಪೈಪು ಅಡ್ಡಹಾದಿರುವುದರಿಂದ ಕ್ಷೇತ್ರ ಅದರ ಉದ್ದಕ್ಕೇ ಹರಿಯುತ್ತದೆ, ಅಲ್ಲಿ ಅಳಿಸುವ ಶಕ್ತಿ ತೀರಾ ಕಡಿಮೆ. ಪೈಪು ಇಡಿಯಾಗಿರುವವರೆಗೆ ಹೊರಗೆ ಹೆಚ್ಚೇನೂ ತಿಳಿಯುವುದಿಲ್ಲ. ಕತ್ತರಿಸಿದೊಡನೆ ಎರಡು ತುದಿಗಳೂ ಧ್ರುವಗಳಾಗಿ, ಗ್ರೈಂಡರಿನ ಕಬ್ಬಿಣದ ಪುಡಿ ಅಂಚಿನಲ್ಲಿ ಗಡ್ಡದಂತೆ ನಿಮಿರಿ ನಿಲ್ಲುತ್ತದೆ. ತುದಿಗಳನ್ನು ಎರಡು ಮೂರು ಮಿಲಿಮೀಟರ್ ಸಂದಿಗೆ ತಂದರೆ ಅಲ್ಲಿನ ಕ್ಷೇತ್ರ ಬಿಡಿ ತುದಿಯಲ್ಲಿದ್ದುದರ ಹಲವು ಪಟ್ಟು ಏರುತ್ತದೆ.

ಲೆಕ್ಕ ಸೋಲುವುದು ಪೈಪಿನ ಜಾತಕದಲ್ಲಿ. ಅದನ್ನು ಹಿಂದೆ ವಿದ್ಯುತ್ ಅಯಸ್ಕಾಂತದಿಂದ ಎತ್ತಿದ್ದರೆ ಅಥವಾ ಬಡಿದು ಬಗ್ಗಿಸಿದ್ದರೆ ಆ ಗುರುತೂ ಇದರೊಡನೆ ಸೇರಿರುತ್ತದೆ. ಆದ್ದರಿಂದ ಸೂತ್ರವನ್ನು ಅಪಾಯ ಎಲ್ಲಿದೆ ಎಂದು ತಿಳಿಯಲು ಬಳಸಿ, ನಿರ್ಧಾರವನ್ನು ಗೌಸ್‌ಮೀಟರಿಗೆ ಬಿಡುವುದು ಲೇಸು. ಸಂದಿಯಲ್ಲಿ 10 ಗೌಸಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 20 ದಾಟಿದರೆ ಆರ್ಕ್ ಅಲೆಯತೊಡಗುತ್ತದೆ.

ಸದ್ಯಕ್ಕೆ, ವೆಲ್ಡಿಂಗ್ ಕೇಬಲ್ಲನ್ನು ಸಂದಿಯ ಪಕ್ಕದಲ್ಲಿ ಹತ್ತಿಪ್ಪತ್ತು ಸುತ್ತು ಸುತ್ತಿ, ಡಿ.ಸಿ. ಹರಿಸಿ ದಿಕ್ಕು ಬದಲಿಸುತ್ತ ಹಂತಹಂತವಾಗಿ ಇಳಿಸಿ. ಪ್ರತಿ ಸಲವೂ ಮೀಟರ್ ನೋಡಿ. ಬೆಸುಗೆ ಮುಗಿದ ಮೇಲೆ, ರೆಕ್ಟಿಫೈಯರಿಗೆ ವಿದ್ಯುತ್ ಹಿಂತಿರುಗುವ ಕೇಬಲ್ಲನ್ನು 2000 ಆಂಪಿಯರಿನ ಕೇಬಲ್ಲಿನ ಪಕ್ಕದಲ್ಲೇ ಎಳೆಯಿರಿ, ಎದುರು ದಿಕ್ಕಿನ ಕ್ಷೇತ್ರಗಳು ಒಂದನ್ನೊಂದು ಬಹುಪಾಲು ಅಳಿಸುತ್ತವೆ: ಎರಡರ ನಡುವೆ 4 ಸೆಂ.ಮೀ. ಇದ್ದರೆ ಪೈಪಿನ ಬಳಿಯ 20 ಗೌಸ್ ಸುಮಾರು 4ಕ್ಕೆ ಇಳಿಯುತ್ತದೆ. ಹಾಗೆ ಮಾಡದಿದ್ದರೆ ರೆಕ್ಟಿಫೈಯರ್ ಮತ್ತೆ ಹಾಕಿದ ದಿನವೇ ಪೈಪು ಮೊದಲಿನಂತಾಗುತ್ತದೆ.